ನಯನ ಹೊಲಿದ ಮಾತಿನ ಗ್ಲೌಸು

ವಿಮಲಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಕಡೂರಿನಲ್ಲಿ ಒಂದು ಮಾತಿದೆ. ಆ ವಿಮಲಮ್ಮ ನಾನೇ, ಮಾತೂ ಸುಳ್ಳಲ್ಲ. ಮೂವತ್ತೆಂಟು ವರ್ಷ ಟೈಪಿಂಗ್ ಹೇಳಿಕೊಟ್ಟು, ಕೀ ನೋಡದೆ ಹೊಡೀರಿ ಎಂದು ದಿನಕ್ಕೆ ನೂರು ಸಲ ಕಿರುಚಿದವಳಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ಹುಟ್ಟಿದ್ದು ಅಜ್ಜಂಪುರ. ಬೆರಳು ಪಳಗಿಸಿಕೊಂಡದ್ದು ತರೀಕೆರೆಯಲ್ಲಿ. ಮದುವೆಯಾಗಿ ಬಂದು ಅಂಗಡಿ ಇಟ್ಟದ್ದು ಕಡೂರಿನ ಬಸ್ ಸ್ಟ್ಯಾಂಡಿನ ಎದುರು. ಆಗ ಹನ್ನೆರಡು ಟೈಪ್‌ರೈಟರ್ ಇದ್ದವು. ಈಗ ನಾಲ್ಕು ಕಂಪ್ಯೂಟರು, ಒಂದು ಜೆರಾಕ್ಸ್ ಮೆಷಿನ್ನು, ಮತ್ತೆ ನಯನ ಇದ್ದಾರೆ. ಮೆಷಿನ್ನಿನ ಸಾಲಿಗೆ ಅವಳನ್ನೂ ಸೇರಿಸಿದ್ದೇನೆಂದು ಗೊತ್ತಾದರೆ, "ಮೇಡಂ, ನಂಗೂ ವಾರಂಟಿ ಇದ್ಯಾ?" ಅಂತ ಕೇಳುತ್ತಾಳೆ. ಅಂಥ ಬಾಯಿ.

ನಯನ ಯಗಟಿಯ ಹುಡುಗಿ, ಕುರಿ ಸಾಕುವ ಬೀರಪ್ಪ ಮತ್ತು ಜಯಲಕ್ಷ್ಮಮ್ಮನ ಮಗಳು. ವಯಸ್ಸು ಇಪ್ಪತ್ತಮೂರು. ಬಿಸಿಎ ಮುಗಿಸಿದ ವರ್ಷ ಯಾವುದೋ ಅರ್ಜಿ ಪ್ರಿಂಟ್ ಹಾಕಿಸಲು ನನ್ನ ಅಂಗಡಿಗೆ ಬಂದಳು. ನಮ್ಮ ಪ್ರಿಂಟರ್ ಆವತ್ತು ಮುಷ್ಕರ ಹೂಡಿತ್ತು. ನಾನು ಅದರ ನೆತ್ತಿಯ ಮೇಲೆ ಎರಡು ಬಾರಿಸಿದೆ. "ಹೊಡೀಬೇಡಿ ಮೇಡಂ, ಅದಕ್ಕೆ ಹೊಟ್ಟೇಲಿ ಏನೋ ಸಿಕ್ಕಾಕ್ಕೊಂಡಿದೆ" ಎಂದವಳೇ ಮುಚ್ಚಳ ತೆಗೆದು, ಒಳಗೆ ಕೈ ಹಾಕಿ ಒಂದು ಹೇರ್‌ಪಿನ್ ಹೊರಗೆ ತೆಗೆದಳು. ನನ್ನದೇ ಪಿನ್ನು. ಅದನ್ನು ಒರೆಸಿ, ಒಂದು ಮಾತೂ ಆಡದೆ ನನ್ನ ಕೈಗಿತ್ತಳು. ಮಾರನೆಯ ದಿನದಿಂದ ಕೆಲಸಕ್ಕೆ ಬಾ ಎಂದೆ.

ಅವಳಿಗೆ ಕಂಪ್ಯೂಟರಿನ ಮೇಲಿರುವುದು ಬರಿಯ ಆಸೆಯಲ್ಲ, ಪ್ರಾಣ. ಅದರಲ್ಲೂ ಮೇಜಿನ ಮೇಲೆ ಕೂರುವ ಸಾಮಾನುಗಳ ಮೇಲೆ. ಕೀಬೋರ್ಡು, ಮೌಸು, ಸ್ಪೀಕರ್ರು, ಕ್ಯಾಮೆರಾ, ಯಾವುದು ಕಂಡರೂ ಮೊದಲು ತಿರುಗಿಸಿ ಹೊಟ್ಟೆ ನೋಡುತ್ತಾಳೆ. ಅಂಗಡಿಯ ಮೂಲೆಯಲ್ಲಿ ಅವಳದೊಂದು ಮೇಜು. ಕುತ್ತಿಗೆ ಬಗ್ಗಬಾರದೆಂದು ಮಾನಿಟರನ್ನು ಎರಡು ಇಟ್ಟಿಗೆಯ ಮೇಲೆ ಏರಿಸಿದ್ದಾಳೆ. ಮೇಜಿನ ಕೆಳಗೆ ಒಂದು ಬಿಸ್ಕತ್ ಡಬ್ಬ ತುಂಬ ಸತ್ತ ಮೌಸುಗಳು. ಹೊಸಬರು ಯಾರಾದರೂ ಬಂದಾಗ ನಾನು "ನಯನ, ಆ ಸತ್ತ ಇಲಿ ಡಬ್ಬ ಆಕಡೆ ಎತ್ತಿಡೇ" ಅನ್ನುತ್ತಿದ್ದೆ, ಅವರು ಹೆದರಿ ಕಾಲು ಮೇಲೆತ್ತುತ್ತಿದ್ದರು. ಅವಳು ಆ ಮೌಸುಗಳ ಒಳಗಿನ ಟಿಕ್ ಟಿಕ್ ಅನ್ನುವ ಪುಟ್ಟ ಸ್ವಿಚ್ಚುಗಳನ್ನು ಬಿಚ್ಚಿ ಜೋಪಾನ ಮಾಡುತ್ತಿದ್ದಳು. "ಮೌಸ್ ಸತ್ರೂ ಇದು ಸಾಯಲ್ಲ ಮೇಡಂ. ಲಕ್ಷಾಂತರ ಸಲ ಒತ್ತಿದ್ರೂ ತಡ್ಕೊಳ್ಳುತ್ತೆ" ಎನ್ನುವಳು.

ನನ್ನ ಅಂಗಡಿಯ ಹೊರಗೆ ಒಂದು ಕರಿಹಲಗೆ ಇದೆ. ಹಿಂದೆ ಅದರ ಮೇಲೆ ಜೂನಿಯರ್, ಸೀನಿಯರ್ ಬ್ಯಾಚಿನ ಸಮಯ ಬರೆಯುತ್ತಿದ್ದೆವು. ಆ ಬ್ಯಾಚುಗಳು ನಿಂತ ಮೇಲೆ ಹಲಗೆ ಬೋಳಾಗಿತ್ತು. ನಯನ ಅದರ ಮೇಲೆ ವಾರಕ್ಕೊಂದು ಸಾಮಾನಿನ ಗುಣದೋಷ ಬರೆಯತೊಡಗಿದಳು. "ವೈರ್ ಇಲ್ಲದ ಮೌಸ್: ಒಳ್ಳೇದು. ಬೆಕ್ಕಿರುವ ಮನೆಗೆ ಬೇಡ." "ಬಣ್ಣದ ಲೈಟಿನ ಕೀಬೋರ್ಡ್: ಲೈಟಿಗೆ ಅರ್ಧ ದುಡ್ಡು, ಕೀಗೆ ಅರ್ಧ. ನಿಮಗೆ ಯಾವುದು ಬೇಕು?" "ಬಾಗಿದ ದೊಡ್ಡ ಮಾನಿಟರ್: ನೋಡಲು ಚಂದ. ಪಹಣಿ ಪ್ರಿಂಟ್ ಹಾಕಲು ನೆಟ್ಟಗಿರುವುದೇ ಸಾಕು." ಬಸ್ಸಿಗೆ ಕಾಯುವ ಜನ ಓದುತ್ತ ನಿಲ್ಲುತ್ತಿದ್ದರು. ಬೀರೂರಿನ ಬಸ್ಸು ತಪ್ಪಿಸಿಕೊಂಡವರೂ ಇದ್ದಾರೆ.

ಒಂದು ದಿನ ಕಂಟ್ರಾಕ್ಟರ್ ಬಸವರಾಜಪ್ಪ ಮಗನಿಗೆ ಕಂಪ್ಯೂಟರ್ ಕೊಡಿಸುವ ಉಮೇದಿನಲ್ಲಿ ಬಂದರು. ಡಬ್ಬದ ತುಂಬ ಮಿಣಮಿಣ ಲೈಟು, ಐದು ಫ್ಯಾನು ಇರುವಂಥದ್ದೇ ಬೇಕಂತೆ. ನಯನ, "ಅಂಕಲ್, ಲೈಟು ಮದುವೆ ಮನೆಗೆ ಚೆನ್ನ. ನಿಮ್ ಹಳೇ ಕಂಪ್ಯೂಟರಿಗೇ ಹೊಸ ಎಸ್‌ಎಸ್‌ಡಿ ಡಿಸ್ಕ್ ಹಾಕ್ಸಿ, ಓಡುತ್ತೆ. ಉಳಿದ ದುಡ್ಡಲ್ಲಿ ಒಂದು ಒಳ್ಳೇ ಕುರ್ಚಿ ತಗೊಳ್ಳಿ, ಹುಡುಗನ ಬೆನ್ನು ಉಳೀಲಿ" ಎಂದಳು. ಮಾರಿಕೊಟ್ಟಿದ್ದರೆ ನಮಗೂ ನಾಲ್ಕು ಕಾಸು ಬರುತ್ತಿತ್ತು. ನಾನು ಹಲ್ಲು ಕಡಿದೆ. ಆದರೆ ಬಸವರಾಜಪ್ಪ ಆಮೇಲೆ ಹತ್ತು ಜನರನ್ನು ಕಳಿಸಿಕೊಟ್ಟರು. ಹೊಸದೇನೇ ಬಂದರೂ ಅವಳು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಯಗಟಿಯ ಧೂಳು ತಡ್ಕೊಳ್ಳುತ್ತಾ?

ಬರಲಿರುವ ತಂತ್ರಜ್ಞಾನದ ವಿಷಯ ಮಾತ್ರ ನಮ್ಮಿಬ್ಬರಿಗೂ ಕಿತ್ತಾಟ. ಕಣ್ಣಿಗೆ ಕನ್ನಡಕ ಹಾಕಿಕೊಂಡರೆ ಮಾನಿಟರೇ ಬೇಡ ಅನ್ನುವಳು, ನಾನು ಸುಮ್ಮನಿದ್ದೆ. ಕಂಪ್ಯೂಟರೇ ಪತ್ರ ಬರೆಯುತ್ತೆ ಅನ್ನುವಳು, ಅದಕ್ಕೂ ಸುಮ್ಮನಿದ್ದೆ. ಒಂದು ದಿನ, "ಮೇಡಂ, ಇನ್ನೈದು ವರ್ಷಕ್ಕೆ ಕೀಬೋರ್ಡ್ ಮೂಲೆಗೆ ಹೋಗುತ್ತೆ. ಬಾಯಲ್ಲಿ ಹೇಳಿದ್ರೆ ಸಾಕು, ಎಲ್ಲಾ ಆಗುತ್ತೆ" ಅಂದುಬಿಟ್ಟಳು. ನನ್ನ ಜೀವಮಾನವೆಲ್ಲ ಕೀಬೋರ್ಡಿನ ಮೇಲೆ ಹೋಗಿದೆ. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವಳೇ ನನ್ನ ಮೇಜಿಗೆ ಬಂದು, "ಮೇಡಂ, ಬಾಯೇ ಹೋದೋರು ಏನ್ ಮಾಡ್ಬೇಕು?" ಎಂದು ಕೇಳಿದಳು. ಮುಖ ಬಾಡಿ ಇಷ್ಟೇ ಇಷ್ಟಾಗಿತ್ತು. ಅವಳ ದೊಡ್ಡಪ್ಪ ಗಿಡ್ಡಪ್ಪನಿಗೆ ಗಂಟಲಲ್ಲಿ ಗಡ್ಡೆ ಎಂದು ಹಿಂದಿನ ದಿನ ಗೊತ್ತಾಗಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು.

ಗಿಡ್ಡಪ್ಪನ ವಿಷಯ ಹೇಳಬೇಕು. ಬೀರಪ್ಪನ ಅಣ್ಣ, ಕುರಿ ಸಂತೆಯ ದಲ್ಲಾಳಿ. ಹೆಸರಿಗೆ ಗಿಡ್ಡಪ್ಪ, ಆಳು ಆರಡಿ. ಅವನ ಗಂಟಲು ಅದಕ್ಕಿಂತ ದೊಡ್ಡದು. ಸಂತೆಯ ಆ ಮೂಲೆಯಲ್ಲಿ ಕೂಗಿದರೆ ನನ್ನ ಅಂಗಡಿಗೆ ಕೇಳಿಸುತ್ತಿತ್ತು. ಟಗರನ್ನು ಹೊಗಳುವುದು, ಅದರ ಯಜಮಾನನನ್ನು ತೆಗಳುವುದು, ಜಗಳ ಬಿಡಿಸುವುದು, ಮುನಿಸಿಕೊಂಡವರನ್ನು ಟೀ ಅಂಗಡಿಗೆ ಎಳೆದೊಯ್ಯುವುದು, ಎಲ್ಲವೂ ಬಾಯಲ್ಲೇ. ಅಕ್ಷರ ಮಾತ್ರ ಗೊತ್ತಿಲ್ಲ, ಹೆಬ್ಬೆಟ್ಟು. ಅದಕ್ಕೇ ಯಾರಿಗೆ ಏನು ಹೇಳಬೇಕಾದರೂ ಫೋನಿನಲ್ಲಿ ವಾಯ್ಸ್ ಮೆಸೇಜು ಕಳಿಸುತ್ತಿದ್ದ.

ಆದರೆ ಸಂತೆಯಲ್ಲಿ ಒಂದೇ ಒಂದು ಮಾತನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಅದು ಬೆಲೆ. ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹೊದಿಸುತ್ತಾನೆ. ಮಾರುವವನು ಒಳಗೆ ಕೈಯಿಟ್ಟು ಅವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು, ಎಷ್ಟು ಬಿಗಿ ಅನ್ನುವುದರಲ್ಲಿ ಲೆಕ್ಕವೆಲ್ಲ ಅಡಗಿದೆ. ದಲ್ಲಾಳಿ ಅದನ್ನೇ ತಿರುಗಿ ಹಿಡಿದು ಖಾತ್ರಿ ಮಾಡಿಕೊಂಡು, ಆಮೇಲೆ ಕೊಳ್ಳುವವನ ಕಡೆ ಹೋಗುತ್ತಾನೆ. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ಏನೂ ತಿಳಿಯುವುದಿಲ್ಲ. ಟವೆಲ್ ಒಳಗಿನ ಮಾತು ಟವೆಲ್ ಒಳಗೇ ಇರಬೇಕು. ಹೆಂಗಸರ ಕೈಯನ್ನು ಯಾರೂ ಟವೆಲ್ ಕೆಳಗೆ ಹಿಡಿಯುವುದಿಲ್ಲ, ಅಲ್ಲಿಗೆ ನಮ್ಮನ್ನು ಕರೆಯುವವರೂ ಇಲ್ಲ.

ಆಪರೇಷನ್ ಆಯಿತು. ಗಿಡ್ಡಪ್ಪ ಬದುಕಿ ಬಂದ, ಗಂಟಲು ಬರಲಿಲ್ಲ. ಕುತ್ತಿಗೆಗೆ ಒತ್ತಿಕೊಂಡರೆ ಗುರ್ರೆನ್ನುವ ಒಂದು ಯಂತ್ರ ಕೊಟ್ಟಿದ್ದರು. ಅದರಲ್ಲಿ ಒಂದು ದಿನ ಮಾತಾಡಿ, ರಾಗಿ ಮಿಷನ್ನಿನಂತೆ ಕೇಳುತ್ತದೆಂದು ಕೈಸನ್ನೆ ಮಾಡಿ ಎಸೆದುಬಿಟ್ಟನಂತೆ. ಬರೆದರೆ ಓದುವ ಆಪುಗಳಿದ್ದವು, ಅವನಿಗೆ ಬರೆಯಲು ಬಾರದು. ನಯನ ಫೋನಿನಲ್ಲಿ ಚಿತ್ರಗಳನ್ನು ಜೋಡಿಸಿಕೊಟ್ಟಳು, ಬಿಸಿಲಿನಲ್ಲಿ ಚಿತ್ರವೂ ಕಾಣದು, ಆ ದಪ್ಪ ಬೆರಳು ಒಂದನ್ನು ಮುಟ್ಟಿದರೆ ಮೂರು ಒತ್ತಿಕೊಳ್ಳುವುದು. ಅವನು ಸಂತೆಗೆ ಹೋಗುವುದನ್ನೇ ಬಿಟ್ಟ. ಮನೆ ಮುಂದೆ ರಸ್ತೆಗೆ ಬೆನ್ನು ಹಾಕಿ ಕೂತುಕೊಳ್ಳುತ್ತಿದ್ದ.

"ಹಿಂಗೇ ಎರಡು ತಿಂಗಳಾದ್ರೆ ಜನ ಬೇರೆಯೋರ ಕೈ ಹಿಡೀತಾರೆ ಮೇಡಂ. ಆಮೇಲೆ ದೊಡ್ಡಪ್ಪ ಏಳಲ್ಲ. ಅವ್ರು ಸಂತೆಗೆ ಹೋಗ್ಲೇಬೇಕು" ಎಂದಳು ನಯನ. ಅವಳು ಹಾಗೆ ಹಟ ಹಿಡಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಒಂದು ಭಾನುವಾರ ಊರಿಗೆ ಹೋದವಳು ಕುಣಿಯುತ್ತ ಬಂದಳು. ದೊಡ್ಡಪ್ಪನ ಬೆರಳಿಗೆ ಮೊದಲೇ ಒಂದು ಭಾಷೆ ಗೊತ್ತಿದೆಯಲ್ಲ, ಹೊಸದನ್ನು ಯಾಕೆ ಕಲಿಸಬೇಕು? ಬಿಸ್ಕತ್ ಡಬ್ಬ ಮೇಜಿನ ಮೇಲೆ ಬಂತು. ಒಂದು ಉಣ್ಣೆಯ ಗ್ಲೌಸಿನ ಐದು ಬೆರಳ ತುದಿಗೆ ಐದು ಮೌಸಿನ ಸ್ವಿಚ್ಚು ಹೊಲಿದಳು. ಮಣಿಕಟ್ಟಿನ ಹತ್ತಿರ ಬೆಂಕಿಪೊಟ್ಟಣಕ್ಕಿಂತ ಸಣ್ಣ ಬೋರ್ಡು, ಒಂದು ಬ್ಯಾಟರಿ. ಅದು ಜೇಬಿನಲ್ಲಿರುವ ಫೋನಿಗೆ ತಂತಿಯಿಲ್ಲದೆ ಸುದ್ದಿ ಮುಟ್ಟಿಸುತ್ತದೆ, ಫೋನು ಪುಟ್ಟ ಸ್ಪೀಕರಿನಲ್ಲಿ ಮಾತಾಡುತ್ತದೆ. ದಲ್ಲಾಳಿ ಆಡುವ ಮಾತೆಂದರೆ ಬೆಲೆ ತಾನೇ ಎಂದುಕೊಂಡು, ದೊಡ್ಡಪ್ಪನಿಂದ ಸನ್ನೆಗಳನ್ನೆಲ್ಲ ಕಲಿತು, ಅಂಕಿಗಳನ್ನು ಅದರೊಳಗೆ ತುಂಬಿದಳು. ಗಿಡ್ಡಪ್ಪ ಅಂಗಳದಲ್ಲಿ ಕೂತು ಉತ್ಸಾಹದಿಂದ ಹೇಳಿಕೊಟ್ಟ. ಅಂಗಳದಲ್ಲಿ ಟವೆಲ್ಲಿನ ನೆನಪು ಯಾರಿಗೂ ಬರಲಿಲ್ಲ. ಇಬ್ಬರಲ್ಲಿ ಒಬ್ಬಳು ಟವೆಲ್ ಒಳಗೆ ಕೈಯಿಟ್ಟವಳಲ್ಲ, ಇನ್ನೊಬ್ಬ ಅದನ್ನು ಹೇಳಬೇಕಾದ ವಿಷಯವೆಂದೇ ಎಣಿಸಿದವನಲ್ಲ.

ಸಂತೆಯ ದಿನ ನಾನೂ ಅಂಗಡಿಗೆ ಬಾಗಿಲು ಹಾಕಿ ಹೋದೆ. ನಯನ, ನಾನು ಟೀ ಅಂಗಡಿಯ ಹತ್ತಿರ ನಿಂತೆವು. ಗಿಡ್ಡಪ್ಪ ಬಲಗೈಗೆ ಗ್ಲೌಸು ಹಾಕಿ, ಬಿಳಿ ಟವೆಲ್ ಹೆಗಲಿಗೇರಿಸಿ ಹೊರಟಾಗ ಎಷ್ಟೋ ಜನ ಎದ್ದು ಬಂದು ಮಾತಾಡಿಸಿದರು. ಯಗಟಿ ಕಡೆಯ ಚನ್ನಬಸಪ್ಪ ಇಪ್ಪತ್ತು ವರ್ಷದಿಂದ ಅವನ ಕೈಯಲ್ಲೇ ಕುರಿ ಮಾರಿಸಿದವನು. ಅವನ ಟಗರಿಗೆ ತರೀಕೆರೆಯ ಗಿರಾಕಿಯೊಬ್ಬ ಬಂದು ನಿಂತಿದ್ದ. ಗಿಡ್ಡಪ್ಪ ಟವೆಲ್ ಹೊದಿಸಿದ. ಚನ್ನಬಸಪ್ಪ ಒಳಗೆ ಕೈಯಿಟ್ಟು, ಇದಕ್ಕಿಂತ ಕೆಳಗೆ ಇಳಿಯುವುದಿಲ್ಲವೆಂದು ತನ್ನ ಕಡೇ ಬೆಲೆ ಹಿಡಿದ. ಗಿಡ್ಡಪ್ಪ ರೂಢಿಯಂತೆ ಅದನ್ನೇ ತಿರುಗಿ ಹಿಡಿದ.

ಜೇಬಿನಿಂದ ಒಬ್ಬ ಹೆಂಗಸು, ರೈಲ್ವೆ ಸ್ಟೇಷನ್ನಿನಲ್ಲಿ ಕೂಗುವವಳ ಹಾಗೆ, ಸ್ವಚ್ಛವಾದ ಪುಸ್ತಕದ ಕನ್ನಡದಲ್ಲಿ ಹೇಳಿದಳು: "ಒಂಬತ್ತು ಸಾವಿರದ ಐದು ನೂರು ರೂಪಾಯಿಗಳು."

ಹತ್ತಿರದ ಕುರಿಗಳೂ ಕತ್ತೆತ್ತಿ ನೋಡಿದವು. ಆಮೇಲೆ ಸಂತೆಗೆ ಸಂತೆಯೇ ನಕ್ಕಿತು. ತರೀಕೆರೆಯ ಗಿರಾಕಿ, "ಕಡೇ ರೇಟು ಗೊತ್ತಾಯ್ತಲ್ಲ, ಇನ್ನು ಅದಕ್ಕಿಂತ ಕೆಳಗಿಂದ ಶುರು ಮಾಡಾಣ" ಎಂದು ಹಲ್ಲು ಕಿರಿದ. ಚನ್ನಬಸಪ್ಪ ಟವೆಲ್ ಕಿತ್ತೆಸೆದ. "ಇಪ್ಪತ್ತು ವರ್ಷ ನಿನ್ ಕೈ ಹಿಡ್ದಿದೀನಿ ಕಣೋ ಗಿಡ್ಡಪ್ಪ. ಇವತ್ತು ನನ್ ಮಾತ್ನ ಸಂತೇಗ್ ಹಾಕ್ಬಿಟ್ಯಲ್ಲೋ! ಹೆಣ್ಮಕ್ಳ ಕೈಗೆ ಟವೆಲ್ ವ್ಯವಹಾರ ಕೊಟ್ರೆ ಇನ್ನೇನಾಗುತ್ತೆ?"

ಗಿಡ್ಡಪ್ಪ ಬಾಯಿ ತೆರೆದ. ಗಾಳಿಯೂ ಬರಲಿಲ್ಲ. ಬೇರೆ ದಿನವಾಗಿದ್ದರೆ ಒಂದೇ ಮಾತಿನಲ್ಲಿ ಚನ್ನಬಸಪ್ಪನನ್ನು ನಗಿಸಿ ತಣ್ಣಗೆ ಮಾಡುತ್ತಿದ್ದ. ಆ ಗ್ಲೌಸಿಗೆ ಅಂಕಿ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಅವನು ನಮ್ಮ ಹತ್ತಿರ ಬಂದು, ಗ್ಲೌಸು ಬಿಚ್ಚಿ ನಯನಳ ಕೈಯಲ್ಲಿಟ್ಟು, ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ. ನನಗೂ ಮೊದಲು ನಗು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಅವನ ಬೆನ್ನು ನೋಡಿದ ಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ನಾಲ್ಕು ದಿನ ನಯನ ಕರಿಹಲಗೆ ಮುಟ್ಟಲಿಲ್ಲ. ಬಂದವರಿಗೆ ಪ್ರಿಂಟ್ ಹಾಕಿಕೊಟ್ಟು ಸುಮ್ಮನೆ ಕೂರುವಳು. ಐದನೆಯ ದಿನ ನಾನು ರೇಗಿದೆ. "ಒಂದು ತಪ್ಪಾಯ್ತು, ಆಗ್ಲಿ. ಕಾಗದ ಹಾಳಾದ್ರೆ ಇನ್ನೊಂದು ಕಾಗದ ಹಾಕ್ಬೇಕು. ಮೆಷಿನ್ ಮುಚ್ಚಿಟ್ಟು ಅಳೋದಲ್ಲ ಕಣೇ!" ಅವಳು ತಲೆಯೆತ್ತಿ, "ಮೆಷಿನ್ ತಪ್ಪು ಮಾಡ್ಲಿಲ್ಲ ಮೇಡಂ. ನಾನು ಹೇಳಿದ್ದನ್ನೇ ಮಾಡ್ತು. ದೊಡ್ಡಪ್ಪಂಗೆ ರೇಟ್ ಹೇಳಕ್ಕೆ ಬಾಯಿ ಯಾವತ್ತೂ ಬೇಕಿರ್ಲಿಲ್ಲ, ಅದು ಕೈಯಲ್ಲೇ ನಡೀತಿತ್ತು. ಬಾಯಿ ಬೇಕಿದ್ದಿದ್ದು ಉಳಿದಿದ್ದಕ್ಕೆಲ್ಲ. ನಾನು ಅವ್ರಿಗೆ ಬೇಡದ್ದನ್ನ ಮಾಡ್ಕೊಟ್ಟೆ" ಎಂದಳು.

ನಾನು ಅವಳನ್ನು ಮೆಚ್ಚಿದ್ದು ಆ ಗ್ಲೌಸು ಹೊಲಿದಾಗ ಅಲ್ಲ, ಈ ಮಾತು ಆಡಿದಾಗ. ದೊಡ್ಡ ದೊಡ್ಡ ಕಂಪನಿಯವರು ಬೇಡದ ಸಾಮಾನು ಮಾಡಿ, ಕೊಳ್ಳದವರಿಗೆ ಬುದ್ಧಿಯಿಲ್ಲ ಅನ್ನುತ್ತಾರೆ. ಈ ಹುಡುಗಿ ತನಗೆ ಅರ್ಥವಾಗಿರಲಿಲ್ಲ ಎಂದಳು.

ಉಳಿದ ಮಾತು ಎಲ್ಲಿಂದ ತರುವುದು? ಅದು ಆಗಲೇ ಇತ್ತು, ನೆಂಟರಿಷ್ಟರ ಫೋನುಗಳಲ್ಲಿ. ಗಿಡ್ಡಪ್ಪ ವರ್ಷಗಟ್ಟಲೆ ಕಳಿಸಿದ್ದ ವಾಯ್ಸ್ ಮೆಸೇಜುಗಳನ್ನು ಯಾರೂ ಅಳಿಸಿರಲಿಲ್ಲ. ಅಳಿಸುವುದು ಹೇಗೆಂದು ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು. ನಯನ ಮನೆ ಮನೆಗೆ ಹೋಗಿ ನಾನೂರಕ್ಕೂ ಮೇಲೆ ಕೂಡಿಹಾಕಿದಳು. ಕಡೆಗೆ ಚನ್ನಬಸಪ್ಪನ ಮನೆಗೂ ಹೋದಳು. ಬೇಡ, ಅವನು ಬೈತಾನೆ ಎಂದು ಬೀರಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. "ತಪ್ಪು ನಂದು, ದೊಡ್ಡಪ್ಪಂದಲ್ಲ. ನಿಮ್ಮ ಫೋನಲ್ಲಿರೋ ಅವ್ರ ಮಾತು ಕೊಡಿ" ಎಂದು ಬಾಗಿಲಲ್ಲಿ ನಿಂತು ಕೇಳಿದಳಂತೆ. ಚನ್ನಬಸಪ್ಪ "ನನ್ ಹತ್ರ ಇರೋವೆಲ್ಲ ಬೈದಿರೋವೇ ಕಣಮ್ಮ" ಎಂದು ಗೊಣಗುತ್ತ ಫೋನು ಕೊಟ್ಟನಂತೆ.

ಅವಳ ಚಿಕ್ಕಮ್ಮನ ಮಗ ಹರ್ಷಿತನೂ ಕಂಪ್ಯೂಟರ್ ಓದಿದವನು. "ಅಷ್ಟೆಲ್ಲ ಕತ್ತರಿಸಿ ಅಂಟಿಸೋದ್ಯಾಕೆ ಅಕ್ಕ? ಒಂದು ನಿಮಿಷದ ಮಾತು ಕೊಟ್ರೆ ಎಐ ಅದೇ ಗಂಟಲಲ್ಲಿ ಏನು ಬೇಕಾದ್ರೂ ಮಾತಾಡುತ್ತೆ" ಎಂದ. ನಯನ ಅದನ್ನೂ ಮಾಡಿ ನೋಡಿದಳು. ಅಂಗಡಿಯಲ್ಲಿ ಕೇಳಿದಾಗ ನನಗೆ ಮೈ ಜುಂ ಎಂದಿತು, ಗಿಡ್ಡಪ್ಪನೇ ಪಕ್ಕದಲ್ಲಿ ನಿಂತ ಹಾಗಿತ್ತು. ಆದರೆ ಜಯಲಕ್ಷ್ಮಮ್ಮ ಕೇಳಿ ಮುಖ ಸಿಂಡರಿಸಿದರು. "ಇದು ನಮ್ ಭಾವ ಅಲ್ಲ ಕಣೇ. ನಮ್ ಭಾವನ ಗಂಟ್ಲು ಕದ್ದಿರೋ ಯಾರೋ ಮೇಷ್ಟ್ರು. ಭಾವ ಮಧ್ಯ ಮಧ್ಯ ಎಲೆಅಡಿಕೆ ಉಗೀತಿದ್ರು, ಇದು ಉಗಿಯೋದೇ ಇಲ್ವಲ್ಲ!" ನಯನ ನಕ್ಕು ಅದನ್ನು ಎತ್ತಿಟ್ಟಳು. ಕೆಟ್ಟದ್ದೆಂದು ಬೈಯಲಿಲ್ಲ. "ಇನ್ನೊಂದು ವರ್ಷಕ್ಕೆ ಉಗಿಯೋದೂ ಕಲೀಬಹುದು. ಆಗ ನೋಡಾಣ" ಎಂದಳು. ಹೊಸತು ಬಂತೆಂದು ಬಾಯಿ ಬಿಡುವುದೂ ಇಲ್ಲ, ಬಾಗಿಲು ಹಾಕುವುದೂ ಇಲ್ಲ, ಅದು ಅವಳ ಗುಣ.

ಕಡೆಗೆ ಹಳೆಯ ಮೆಸೇಜುಗಳಿಂದಲೇ ಇಪ್ಪತ್ತಾರು ಮಾತು ಆರಿಸಿದಳು. ಹಿಂದೆ ಕೇಳುವ ಬಸ್ಸಿನ ಹಾರ್ನು, ಕುರಿಯ ಬ್ಯಾ, ಯಾವುದನ್ನೂ ಒರೆಸಲಿಲ್ಲ. ಈ ಸಲ ಗ್ಲೌಸು ಎಡಗೈಗೆ. ಬಲಗೈ ಟವೆಲ್ಲಿಗೆ ಖಾಲಿ ಇರಬೇಕು. ಅಂಕಿ ಒಂದೂ ಇಲ್ಲ. ಒಂದು ಬೆರಳಿಗೆ ಒಂದು ಮಾತು, ಎರಡು ಬೆರಳು ಕೂಡಿಸಿದರೆ ಇನ್ನೊಂದು, ಮೂರು ಕೂಡಿಸಿದರೆ ಮತ್ತೊಂದು. "ಐದು ಬೆರಳಲ್ಲಿ ಮೂವತ್ತೊಂದು ಮಾತು ಹಿಡಿಯುತ್ತೆ ಮೇಡಂ. ಇನ್ನೂ ಐದು ಜಾಗ ಖಾಲಿ ಇದೆ" ಎಂದು ಲೆಕ್ಕ ಕೊಟ್ಟಳು.

ಆದರೆ ಗಿಡ್ಡಪ್ಪ ಅವಳ ಮುಖ ನೋಡಲೂ ಒಪ್ಪಲಿಲ್ಲ. ನಾವು ಯಗಟಿಗೆ ಹೋದಾಗ ಯಥಾಪ್ರಕಾರ ರಸ್ತೆಗೆ ಬೆನ್ನು ಹಾಕಿ ಕೂತಿದ್ದ. ಗ್ಲೌಸು ಕಂಡ ಕೂಡಲೇ ಕೈಯನ್ನು ಕಂಕುಳಿಗೆ ಸೇರಿಸಿಕೊಂಡ. ನಯನ ಒತ್ತಾಯ ಮಾಡಲಿಲ್ಲ. ಗ್ಲೌಸನ್ನು ತಾನೇ ಹಾಕಿಕೊಂಡು, ಎರಡು ಬೆರಳು ಒತ್ತಿದಳು.

"ಏಯ್! ಎಲ್ ಸತ್ಯೋ? ಬಾರೋ ಈಕಡೆ!"

ಅದೇ ಗಂಟಲು, ಅದೇ ಗತ್ತು. ಅಂಗಳದ ಮೂಲೆಯಲ್ಲಿ ಮಲಗಿದ್ದ ಅವರ ಮನೆಯ ನಾಯಿ ದಡಕ್ಕನೆ ಎದ್ದು, ಬಾಲ ಬಡಿಯುತ್ತ ಓಡಿಬಂದಿತು. ಫೋನು ಹಿಡಿದಿದ್ದ ನಯನಳನ್ನು ದಾಟಿ, ನೇರ ಗಿಡ್ಡಪ್ಪನ ಮಡಿಲಿಗೆ ನುಗ್ಗಿ ಕೈ ನೆಕ್ಕತೊಡಗಿತು. ನಾಲ್ಕು ತಿಂಗಳಿಂದ ಅದನ್ನು ಯಾರೂ ಹಾಗೆ ಕರೆದಿರಲಿಲ್ಲ. ಗಿಡ್ಡಪ್ಪ ನಾಯಿಯ ತಲೆ ಹಿಡಿದುಕೊಂಡು ಕೂತ. ಭುಜ ಅಲುಗುತ್ತಿತ್ತು, ಸದ್ದಿಲ್ಲ. ಆಮೇಲೆ ತಿರುಗದೆಯೇ ಎಡಗೈಯನ್ನು ಹಿಂದಕ್ಕೆ ಚಾಚಿದ. ನಯನ ಗ್ಲೌಸು ತೊಡಿಸಿದಳು. ನಾನು ಅತ್ತೆ, ಅತ್ತೆನೆಂದು ಹೇಳಲು ನನಗೇನೂ ಸಂಕೋಚವಿಲ್ಲ.

ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟು ವರ್ಷ ಬೆರಳು ಪಳಗಿಸಿದವಳು ಇನ್ನೆಲ್ಲಿ ಸಿಗಬೇಕು? ಒಂದು ತಿಂಗಳು ಗಿಡ್ಡಪ್ಪ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ನನ್ನ ಹಳೆಯ ಟೈಪಿಂಗ್ ಬೆಂಚಿನ ಮೇಲೆ ಕೂರುತ್ತಿದ್ದ. ಹೆಬ್ಬೆರಳು ತೋರುಬೆರಳು, ಹೆಬ್ಬೆರಳು ಕಿರುಬೆರಳು ಎಂದು ಪಾಠ ಮಾಡಿದೆ. ಕೈ ನೋಡಿಕೊಂಡರೆ ಸ್ಕೇಲಿನಲ್ಲಿ ಗಿಣ್ಣಿಗೆ ಕೊಟ್ಟೆ. ಆರಡಿ ಆಳು ಮಗುವಿನಂತೆ ಕೈ ಉಜ್ಜಿಕೊಳ್ಳುತ್ತಿದ್ದ. ಒಂದು ದಿನ ನಾನು ಜಾಸ್ತಿ ಗದರಿದಾಗ ಮೂರು ಬೆರಳು ಕೂಡಿಸಿದ. ಜೇಬಿನಿಂದ, "ಅಯ್ಯೋ ನಿನ್ ಬಾಯಿಗೆ ಬೀಗ ಜಡಿಯಾ!" ಎಂದು ಬಂತು. ಬೀರಪ್ಪನಿಗೆ ಎಂದೋ ಬೈದ ಬೈಗುಳ, ನನಗೆ ಸರಿಯಾಗಿ ತಗುಲಿತು. ನಯನ ಮೇಜಿನ ಕೆಳಗೆ ಬಗ್ಗಿ ನಕ್ಕಳು. ಪರೀಕ್ಷೆ ಪಾಸು ಎಂದು ಹೇಳಿ ಮನೆಗೆ ಕಳಿಸಿದೆ.

ಮತ್ತೆ ಸಂತೆ. ಮತ್ತೆ ಅದೇ ಟೀ ಅಂಗಡಿಯ ಹತ್ತಿರ ನಾವು. ಗಿಡ್ಡಪ್ಪ ಬಂದಾಗ ಈ ಸಲ ಯಾರೂ ಎದ್ದು ಬರಲಿಲ್ಲ. ನಾಲ್ಕಾರು ಜನ ಜೇಬಿನ ಕಡೆ ನೋಡಿ ಮುಸಿಮುಸಿ ನಕ್ಕರು. ಇವತ್ತು ಯಾರೂ ಕೈ ಕೊಡದಿದ್ದರೆ ಇನ್ನು ಅವನು ಸಂತೆಯ ಮುಖ ನೋಡುವುದಿಲ್ಲವೆಂದು ನನಗೂ ಗೊತ್ತಿತ್ತು, ನಯನಳಿಗೂ ಗೊತ್ತಿತ್ತು. ಚನ್ನಬಸಪ್ಪ ಮೂರು ಕುರಿ ಹಿಡಿದು ದೂರ ನಿಂತಿದ್ದ, ಮುಖ ಬೇರೆ ಕಡೆ. ಗಿಡ್ಡಪ್ಪ ನೆಟ್ಟಗೆ ಅವನ ಮುಂದೆ ಹೋಗಿ ನಿಂತ. ಎಡಗೈ ನೋಡಿಕೊಳ್ಳಲಿಲ್ಲ.

"ಏನ್ಲಾ ಚನ್ನಬಸಪ್ಪ! ಕುರೀನ ನೀನ್ ಸಾಕ್ತಿದೀಯೋ, ಕುರಿ ನಿನ್ನ ಸಾಕ್ತಿದ್ಯೋ?" ಹಿಂದೆಯೇ ಒಂದು ಬಸ್ಸಿನ ಹಾರ್ನು.

ಅದು ಚನ್ನಬಸಪ್ಪನ ಫೋನಿನಿಂದಲೇ ತಂದ ಮಾತು. ಕೇಳಿದವನ ಮುಖ ಮೊದಲು ಕೆಂಪಾಯಿತು, ತುಟಿ ಬಿಗಿಯಿತು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟ. "ಬಂದ್ಬಿಟ್ಟ ನನ್ಮಗ, ಗಂಟ್ಲು ಹೋದ್ರೂ ಕೊಬ್ಬು ಹೋಗ್ಲಿಲ್ಲ" ಎಂದು ಕಣ್ಣೊರೆಸಿಕೊಂಡ. ಸುತ್ತಲಿದ್ದವರೂ ನಕ್ಕರು, ಹಿಂದಿನ ಸಲದ ನಗುವಲ್ಲ ಅದು. ಗಿಡ್ಡಪ್ಪ ಟವೆಲ್ ಹೊದಿಸಿದ. ಚನ್ನಬಸಪ್ಪ ಒಂದು ಗಳಿಗೆ ಆ ಟವೆಲ್ ನೋಡಿದ. ನಯನ ನನ್ನ ತೋಳು ಹಿಡಿದುಕೊಂಡಿದ್ದಳು, ಉಗುರು ಚುಚ್ಚುತ್ತಿತ್ತು. ಅವನು ಒಳಗೆ ಕೈಯಿಟ್ಟ. ಹಿಡಿದ, ಇವನು ತಿರುಗಿ ಹಿಡಿದ. ಜೇಬು ಸುಮ್ಮನಿತ್ತು. ಕೊಳ್ಳುವವನು ಬಂದ, ಟವೆಲ್ ಅತ್ತ ಹೋಯಿತು, ಇತ್ತ ಬಂತು, ತಲೆಗಳು ಆಡಿದವು. ಜೇಬಿನಿಂದ ಒಂದು ಸದ್ದಿಲ್ಲ. ವ್ಯಾಪಾರ ಕುದುರಿತು. ಆಮೇಲೆ ಎಡಗೈ ಅಲುಗಿತು: "ನಡೀರೋ, ಟೀ ಕುಡಿಯಾಣ!"

ಎಲ್ಲರೂ ಟೀ ಅಂಗಡಿಗೇ ಬಂದರು, ಅಂದರೆ ನಮ್ಮ ಹತ್ತಿರಕ್ಕೇ. ತರೀಕೆರೆಯಿಂದ ಬಂದಿದ್ದ ಬೇರೆ ಒಬ್ಬರು, ಇದನ್ನು ಯಾವ ಕಂಪನಿ ಮಾಡಿದ್ದು, ನಮ್ಮಲ್ಲೂ ಮಾತು ಹೋದವರೊಬ್ಬರು ಇದ್ದಾರೆ ಎಂದು ಗಿಡ್ಡಪ್ಪನನ್ನು ಕೇಳಿದರು. ಗಿಡ್ಡಪ್ಪ ಎಡಗೈ ಎತ್ತಿದ, ಬೆರಳು ಕೂಡಿಸಹೋದ, ತಡೆದ. ಆ ಇಪ್ಪತ್ತಾರು ಮಾತಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನಯನ ಅದನ್ನು ಹಾಕಬೇಕೆಂದು ಯೋಚಿಸಿಯೇ ಇರಲಿಲ್ಲ.

ಅವನು ಗ್ಲಾಸು ಕೆಳಗಿಟ್ಟ. ನಯನಳ ಮುಂದೆ ಬಂದು ನಿಂತ. ಹೆಗಲ ಮೇಲಿನ ಟವೆಲ್ ತೆಗೆದು, ಕೊಡವಿ, ತನ್ನ ಬಲಗೈ ಮೇಲೆ ಹೊದಿಸಿ ಅವಳ ಕಡೆ ಚಾಚಿದ. ಚನ್ನಬಸಪ್ಪನ ಗ್ಲಾಸು ಬಾಯಿಯ ಹತ್ತಿರವೇ ನಿಂತಿತು, ಆದರೆ ಅವನೂ ಬೇಡ ಅನ್ನಲಿಲ್ಲ. ನಯನ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ದುಪಟ್ಟಾದಲ್ಲಿ ಕೈ ಒರೆಸಿಕೊಂಡು, ಟವೆಲ್ ಒಳಗೆ ಇಟ್ಟಳು.

ಅವನ ಬೆರಳುಗಳು ಅವಳ ಬೆರಳನ್ನು ಹಿಡಿದವು, ಅದು ಬಟ್ಟೆಯ ಮೇಲೆ ಕಾಣುತ್ತಿತ್ತು. ಏನು ಹಿಡಿದನೋ ಕಾಣುವಂತಿರಲಿಲ್ಲ. ಅವಳು ಅದನ್ನೇ ತಿರುಗಿ ಹಿಡಿದಳು, ಖಾತ್ರಿ ಮಾಡಿಕೊಳ್ಳುವವರ ಹಾಗೆ. ಗಿಡ್ಡಪ್ಪ ತಲೆಯಾಡಿಸಿ ಟವೆಲ್ ತೆಗೆದ. ತರೀಕೆರೆಯವರು ಅವಳಿಗೆ ಕೈ ಮುಗಿದು ಫೋನ್ ನಂಬರ್ ಕೇಳಿದರು.

ಅಂಗಡಿಗೆ ನಡೆದು ಬರುವಾಗ ಅವಳು ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ನನಗೆ ತಡೆಯಲಾಗಲಿಲ್ಲ. "ಏನಂದ್ರೇ ನಿಮ್ ದೊಡ್ಡಪ್ಪ?" ಎಂದೆ.

"ಹೇಳಂಗಿಲ್ಲ ಮೇಡಂ. ಟವೆಲ್ ಒಳಗಿನ ಮಾತು."

ನನಗೆ ಸಿಟ್ಟು ಬಂತು. ದಿನಾ ಅನ್ನ ಹಾಕುವ ಅಂಗಡಿಯವಳಿಗೂ ಹೇಳುವುದಿಲ್ಲವೆಂದರೆ! ಇನ್ನೊಂದು ಸಲ ಕೇಳೋಣವೆಂದು ಅವಳ ಮುಖ ನೋಡಿದೆ. ಅದು ಹೇಳುವ ಮುಖವಾಗಿರಲಿಲ್ಲ, ಸಂತೆಯಲ್ಲಿ ಇಪ್ಪತ್ತು ವರ್ಷ ಕೈ ಹಿಡಿದವರ ಮುಖ ಹಾಗಿರುತ್ತದೆ. ಬೀಗ ತೆಗೆದು ಇಬ್ಬರೂ ಒಳಗೆ ಹೋದೆವು, ನಾನು ಆಮೇಲೆ ಯಾವತ್ತೂ ಕೇಳಲಿಲ್ಲ.